ನೋವು ಒಪ್ಪಿಸಿ ಬರುವುದು

ನಮ್ಮ ಊರಿನಲ್ಲಿ ಹೊಡೆದವನಿಗೇ ನೋವು. ಹೊಡೆಸಿಕೊಂಡವನಿಗೆ ಬಾಸುಂಡೆ ಏಳುತ್ತದೆ, ರಕ್ತ ಬರುತ್ತದೆ, ಮೂಳೆ ಮುರಿದರೆ ಮುರಿಯುತ್ತದೆ. ನೋವು ಮಾತ್ರ ಕೊಟ್ಟವನ ಮೈಗೇ ಹೋಗುತ್ತದೆ. ಹೊರಗಿನವರಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ. ನಮಗೆ ಅದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಶಾಲೆಯ ಮಾಸ್ತರರು ಬೆತ್ತವನ್ನು ಕಪಾಟಿನ ಮೇಲಿಟ್ಟು ಬಾಯಿಂದಲೇ ಬೈದು ಪಾಠ ಮುಗಿಸುತ್ತಾರೆ. ಸೂಜಿ ಚುಚ್ಚುವ ನರ್ಸಬಾಯಿ ಪ್ರತಿ ಸಲವೂ ತನ್ನ ತೋಳನ್ನೇ ಉಜ್ಜಿಕೊಳ್ಳುತ್ತ, 'ಮುಂದಿನವರು ಬರ್ರಿ' ಅನ್ನುತ್ತಾಳೆ. ನಮ್ಮ ಹೆಂಗಸರು ಸೂಲಗಿತ್ತಿಯ ಜೊತೆ ಮಾತಾಡುತ್ತಲೇ ಹಡೆಯುತ್ತಾರೆ. ಕೂಸು ಮಾತ್ರ ಓಣಿಗೆಲ್ಲ ಕೇಳುವ ಹಾಗೆ ಚೀರುತ್ತ ಬರುತ್ತದೆ. 'ಪಾಪ, ಅವ್ವನ್ದೆಲ್ಲಾ ಹೊತಗೊಂಡು ಬಂದೈತಿ' ಎಂದು ಒಂದು ತಿಂಗಳು ಎಲ್ಲರೂ ಅದನ್ನು ನೆಲಕ್ಕಿಳಿಸುವುದಿಲ್ಲ. ನಾನು ಖಾನಾವಳಿ ನಡೆಸುವವಳು. ತವೆ ಕೈ ಸುಟ್ಟರೆ ನೋವು ನನಗೇ. ತವೆಗೆ ಎಲ್ಲಿಂದ ಬರಬೇಕು.

ಖಾನಾವಳಿಯ ಎದುರಿಗೇ ಗರಡಿ ಮನೆ. ಅದರ ಗೋಡೆಯ ಮೇಲೆ ಹೊಗೆ ಹಿಡಿದ ಫೋಟೋಗಳಿವೆ. ಹೆಗಲ ಮೇಲೆ ಗದೆ, ಕಿವಿಯ ತನಕ ಮೀಸೆ, ಹಿಂದೆ ನೂರಾರು ಜನ. ಅವೆಲ್ಲ ಗರಡಿಯ ಗುರು ಖಾದರಸಾಬ್ ವಸ್ತಾದರ ಅಜ್ಜನ ಕಾಲದವು. ಆಗ ಅವರವರ ನೋವು ಅವರವರಿಗೇ ಇತ್ತಂತೆ. ಗೆದ್ದವನು ಮೆರವಣಿಗೆಯಲ್ಲಿ ಹೋಗುತ್ತಿದ್ದನಂತೆ, ಸೋತವನು ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದನಂತೆ. ನಾನು ಕಂಡ ಕಾಲಕ್ಕೆ ಅದು ತಿರುವುಮುರುವಾಗಿತ್ತು. ಸೋತವನು ಮೈ ಕೊಡವಿಕೊಂಡು ಸಿನಿಮಾಕ್ಕೆ ಹೋಗುತ್ತಿದ್ದ, ಗೆದ್ದವನನ್ನು ನಾಲ್ಕು ಮಂದಿ ಹೊತ್ತುಕೊಂಡು ಹೋಗುತ್ತಿದ್ದರು. ಹೀಗಾದಾಗ ಗೆಲ್ಲುವುದಕ್ಕೆ ಯಾರಿಗೆ ಮನಸ್ಸು ಬರಬೇಕು? ಇಬ್ಬರು ಪೈಲ್ವಾನರು ಕಣಕ್ಕಿಳಿದರೆ ಇಬ್ಬರೂ ಮೆತ್ತಗಿನ ಮಣ್ಣು ಎಲ್ಲಿದೆ ಎಂದು ಹುಡುಕಿ ಅಲ್ಲಿಗೆ ಬೀಳಲು ಹವಣಿಸುತ್ತಿದ್ದರು. ಮೊದಮೊದಲು ಜನ ನಕ್ಕರು. ಆಮೇಲೆ ನಗುವುದಕ್ಕೂ ಬರದಾದರು.

ಗೆಲ್ಲಬೇಕು ಅನ್ನುವವನು ಒಬ್ಬನೇ ಉಳಿದಿದ್ದ. ಅವನೇ ಯಮನೂರಿ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರ, ಒಣಗಿದ ಅಂಜೂರದ ಹಾಗೆ ಮುದುಡಿದ ಕಿವಿ, ಒಂದು ಹೊತ್ತಿಗೆ ಹದಿನಾಲ್ಕು ರೊಟ್ಟಿ. ಗೆದ್ದು ಬಂದ ದಿನ ಅವನ ಮೈಯೆಲ್ಲ ಕೆಂಡವಾಗಿರುತ್ತಿತ್ತು, ಆದರೆ ಹೊತ್ತುಕೊಂಡು ಹೋಗಲು ಯಾರನ್ನೂ ಬಿಡುತ್ತಿರಲಿಲ್ಲ. ನಡೆದೇ ನನ್ನ ಖಾನಾವಳಿಗೆ ಬಂದು, ಬೆಂಚಿನ ಮೇಲೆ ನೆಟ್ಟಗೆ ಕೂತು, 'ದ್ಯಾಮಕ್ಕಾ, ಹಾಲು ಕೊಡು' ಅನ್ನುತ್ತಿದ್ದ. ಮುಖ ನೋಡಿದರೆ ಸಂತೆಗೆ ಹೋಗಿ ಬಂದವನ ಮುಖ. 'ಕಣದಾಗ ಬಾಯಿ ಮುಚ್ಚಿರಬೇಕು' ಎಂದು ವಸ್ತಾದರು ಅವನಿಗೆ ಕಲಿಸಿದ್ದರು, ಅವನು ಅದನ್ನು ಕಲಿತಿದ್ದ. ಆ ಫೋಟೋಗಳ ಕಾಲದಲ್ಲಿ ಹುಟ್ಟಿದ್ದರೆ ಇವನದೂ ಒಂದು ಗೋಡೆಯ ಮೇಲೆ ಇರುತ್ತಿತ್ತು ಎಂದು ಹಾಲು ಕಾಯಿಸುವಾಗ ನನಗೆ ಎಷ್ಟೋ ಸಲ ಅನ್ನಿಸಿದೆ.

ಅವನ ಜೋಡಿ ಭರಮಾ. ಗಿಡ್ಡ ಆಳು, ಮಾತಿಗೊಮ್ಮೆ ನಗುವವನು, ಪೇಟೆಯಲ್ಲಿ ಚೀಲ ಹೊರುವ ಹಮಾಲ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಯಮನೂರಿಯ ಎದುರು ಬೀಳಲಿಕ್ಕೆಂದು ಅಲ್ಲ, ಗೆಲ್ಲಲಿಕ್ಕೆಂದೇ ಇಳಿಯುತ್ತಿದ್ದವನು ಊರಿನಲ್ಲಿ ಅವನೊಬ್ಬನೇ. ಗೆದ್ದದ್ದು ಕಡಿಮೆ. 'ಸೋತ್ರ ನನಗೇನು ನಷ್ಟೋ, ಉರಿಯೂದು ನಿನಗ' ಎಂದು ಉಣ್ಣುವಾಗ ಯಮನೂರಿಯನ್ನು ಕಾಡುತ್ತಿದ್ದ.

ಗರಡಿಯಲ್ಲಿ ಒಂದು ಪದ್ಧತಿ ಇದೆ. ಗೆದ್ದವನು ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಬಾಯಿಗೆ ಏನೂ ಹಾಕಿಕೊಳ್ಳದೆ, ಸೋತವನ ಮನೆಗೆ ಹೋಗಬೇಕು. ಹೊಸ್ತಿಲ ಹೊರಗೆ ನಿಂತು, ತನ್ನ ಮೈಯಲ್ಲಿ ಎಲ್ಲೆಲ್ಲಿ ನೋಯುತ್ತಿದೆ ಎಂದು ಒಂದೂ ಬಿಡದೆ ಹೇಳಬೇಕು. 'ಬಲಗೈ ಮಣಿಕಟ್ಟು. ಎರಡನೇ ಪಕ್ಕೆಲುಬು. ಅಷ್ಟೇ.' ಇದಕ್ಕೆ ನೋವು ಒಪ್ಪಿಸಿ ಬರುವುದು ಅನ್ನುತ್ತೇವೆ. ಸೋತವನಿಗೆ ತನ್ನ ಮೈಯಲ್ಲಿ ಏನಾಗಿದೆ ಎಂದು ಗೊತ್ತಾಗುವುದು ಇದೊಂದೇ ದಾರಿಯಿಂದ. ಎಲುಬಿನ ನೋವಾಗಿದ್ದರೆ ಇಬ್ಬರೂ ಒಂದು ತಿಂಗಳು ಕಣಕ್ಕೆ ಇಳಿಯುವ ಹಾಗಿಲ್ಲ. ಗೆಲ್ಲುವುದು ಹೆಚ್ಚಲ್ಲ, ಒಪ್ಪಿಸಿ ಬಂದವನೇ ಪೈಲ್ವಾನ ಎಂದು ವಸ್ತಾದರು ಹೇಳುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಗೆದ್ದವನಿಗೆ ಗದೆ ಕೊಡುವ ಕುಸ್ತಿ ಗೊತ್ತುಮಾಡಿದರು. ನದಿಯಾಚೆಯಿಂದ ಹೆಸರಾದ ಒಬ್ಬ ಪೈಲ್ವಾನ ಬರುವವನಿದ್ದ. ನಮ್ಮ ಊರಿನ ರೀತಿ ಅವನಿಗೆ ಗೊತ್ತಿರಲಿಲ್ಲ. ಅಂದರೆ ಅವನು ಗೆಲ್ಲಲಿಕ್ಕೇ ಬರುತ್ತಿದ್ದ. ಯಮನೂರಿಗೆ ಊಟ ಸೇರದಂಥ ಸಂತೋಷ. ಎಂಟು ದಿನ ಮುಂಚೆ, ಯಾರು ಅವನ ಎದುರು ನಿಲ್ಲಬೇಕು ಎಂದು ಗರಡಿಯಲ್ಲಿ ಯಮನೂರಿಗೂ ಭರಮಾಗೂ ಕುಸ್ತಿ ಹಚ್ಚಿದರು. ಮುಕ್ಕಾಲು ತಾಸು ಹಿಡಿದರು. ಕಡೆಗೆ ಯಮನೂರಿ ಅವನನ್ನು ಸೊಂಟದ ಮೇಲೆ ಏರಿಸಿ ಒಗೆದ. ಭರಮಾ ಚಿತ್ತಾದ, ಮಣ್ಣು ಕೊಡವಿಕೊಂಡು ಎದ್ದ, ನಕ್ಕ. ಯಮನೂರಿ ಎಂದಿನ ಹಾಗೆ ನನ್ನ ಬೆಂಚಿಗೆ ಬಂದು ಹಾಲು ಕುಡಿದ.

ಮರುದಿನ ಬೆಳಿಗ್ಗೆ ಭರಮಾನ ಹೊಸ್ತಿಲಲ್ಲಿ ನಿಂತು ಅವನು ಹೇಳಿದ್ದು ಇಷ್ಟೇ: 'ಏನಿಲ್ಲ. ಬರೇ ಮೈಕೈ.'

ಎಂಟನೆಯ ದಿನ ನದಿಯಾಚೆಯ ಪೈಲ್ವಾನ ಬಂದ. ಮೈ ಬಿಸಿ ಮಾಡಿಕೊಳ್ಳಲು ನಮ್ಮವನೊಬ್ಬನನ್ನು ಎತ್ತಿ ಒಗೆದ. ಒಗೆದವನು ತಾನೇ ಬೆನ್ನು ಹಿಡಿದುಕೊಂಡು ಮಣ್ಣಿನಲ್ಲಿ ಕೂತ. ನಮ್ಮವನು ಎದ್ದು ಅವನಿಗೆ ನೀರು ತಂದುಕೊಟ್ಟ. 'ಇದೆಂಥಾ ಊರ್ರೀ ನಿಮ್ದು' ಎಂದವನು ಅದೇ ದಿನದ ಬಸ್ಸು ಹತ್ತಿ ಹೋದ. ಗದೆ ಗೋಡೆಯ ಮೊಳೆಯಲ್ಲೇ ಉಳಿಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಪೇಟೆಯಲ್ಲಿ ಶೇಂಗಾದ ಚೀಲ ಹೊತ್ತಿದ್ದ ಭರಮಾನ ಎಡಗಾಲು ಅವನ ಕೆಳಗೇ ಮಡಚಿಕೊಂಡಿತು. ಅವನು ಕೂಗಲಿಲ್ಲ. ಇತ್ತ ಗರಡಿಯಲ್ಲಿ ಯಮನೂರಿ ಕಂಬ ಹಿಡಿದು ಕೆಳಗೆ ಕೂತ. ಕುಸ್ತಿ ತಪ್ಪಿದ ಸಂಕಟ ಎಂದು ಎಲ್ಲರೂ ತಿಳಿದರು.

ಆಮೇಲೆ ಯಮನೂರಿ ಕಣಕ್ಕೆ ಇಳಿಯಲಿಲ್ಲ. ಗರಡಿಯ ಕಟ್ಟೆಯ ಮೇಲೆ ಎಲುಬು ಕೂಡಿಸುವ ಕೆಲಸ ಹಿಡಿದ. ನಮ್ಮ ಊರಿನಲ್ಲಿ ಅದಕ್ಕೆ ಕೈ ಹಾಕುವವರು ಕಡಿಮೆ, ಒತ್ತಿದವನಿಗೇ ನೋವಲ್ಲವೆ. ಅವನು ದಿನಕ್ಕೆ ಆರೆಂಟು ಮಂದಿಯ ಕೈಕಾಲು ಎಳೆದು ಕಟ್ಟುತ್ತಿದ್ದ, ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಭರಮಾ ಕುಂಟುತ್ತ ಪೇಟೆಯಲ್ಲಿ ತಕ್ಕಡಿಯ ಮುಂದೆ ಕೂತು ತೂಗುವ ಕೆಲಸ ಮಾಡಿಕೊಂಡ. 'ಕಾಲು ಒಳಗಿಂದ ಒಣಗೈತಿ, ನೋವಂತೂ ಇಲ್ಲ' ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಇಬ್ಬರೂ ನನ್ನಲ್ಲಿಗೇ ಉಣ್ಣಲು ಬರುತ್ತಿದ್ದರು, ಆದರೆ ಈಗ ತಾಟು ಬೇರೆ. ಯಮನೂರಿ ಒಳಗಿನ ಬೆಂಚಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂಡುತ್ತಿದ್ದ.

ನನ್ನ ಖಾನಾವಳಿಗೆ ಮೂರು ಮೆಟ್ಟಿಲು. ಎರಡನೆಯ ವರ್ಷವೋ ಏನೋ, ಹಾಲಿನ ಲೋಟ ಯಮನೂರಿಯ ಬಾಯಿಯ ತನಕ ಹೋದದ್ದು ನಡುವೆಯೇ ನಿಂತಿತು. ಹೊರಗೆ ಭರಮಾ ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದ. ಎರಡನೆಯದಕ್ಕೆ ಲೋಟ ಮತ್ತೆ ನಿಂತಿತು. ಮೂರನೆಯದಕ್ಕೆ ಹಾಲು ತುಳುಕಿತು. ಯಮನೂರಿಗೆ ಬಾಗಿಲ ಕಡೆ ಬೆನ್ನಿತ್ತು. ನಾನು ಕೆಟ್ಟವಳಲ್ಲ, ಆದರೆ ಒಂದು ಸಂಗತಿ ಕಣ್ಣಿಗೆ ಬಿದ್ದ ಮೇಲೆ ತಿಳಿದುಕೊಳ್ಳದೆ ಇರಲಾರೆ. 'ಭರಮಾ, ಕಟ್ಟಿಗಿ ಹೊರಗ ಅದಾವು, ಒಂದೆರಡು ತಂದಕೊಡಪಾ' ಅಂದೆ. ಅವನು ಇಳಿದ, ಹತ್ತಿದ. ಲೋಟ ಆರು ಸಲ ನಿಂತಿತು. ಅಂದಿನಿಂದ ನಾನು ಭರಮಾಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಕಂಡದ್ದರ ಮಾತನ್ನೂ ಎತ್ತಲಿಲ್ಲ. ಇಬ್ಬರೂ ನನ್ನ ಅನ್ನ ಉಣ್ಣುವವರು, ಅವರಾಗಿ ಬಾಯಿ ಬಿಡಲಿ ಎಂದು ಏಳು ವರ್ಷ ಸುಮ್ಮನಿದ್ದೆ. ಅದು ನನ್ನ ತಪ್ಪು ಎಂದು ಈಗ ಅನ್ನಿಸುತ್ತದೆ.

ಈ ವರ್ಷ ಜೋಳದ ಸುಗ್ಗಿಯ ಹೊತ್ತಿಗೆ ಭರಮಾ ಊಟಕ್ಕೆ ಬರುವುದು ನಿಂತಿತು. ಅವನ ಹೆಂಡತಿ ಬಂದು ಬುತ್ತಿ ಕಟ್ಟಿಸಿಕೊಂಡು ಹೋದಳು. ಮೂರನೆಯ ದಿನ ಮಧ್ಯಾಹ್ನ, ಉಣ್ಣುವವರೆಲ್ಲ ಎದ್ದು ಹೋದ ಮೇಲೆ, ಯಮನೂರಿ ಒಬ್ಬನೇ ಕೂತಿದ್ದ. ರೊಟ್ಟಿ ಮುರಿದಿದ್ದ, ತಿಂದಿರಲಿಲ್ಲ.

'ದ್ಯಾಮಕ್ಕಾ, ಭರಮಾ ಊರಾಗ ಇಲ್ಲೇನು?'

'ಯಾಕ?'

'ಸುಮ್ಮ ಕೇಳಿದೆ.'

'ಒಂಬತ್ತು ವರ್ಷದಾಗ ಒಮ್ಮೆರ ಸುಮ್ಮ ಕೇಳಿದ್ದಿಲ್ಲಲ್ಲೋ.'

ಅವನು ಲೋಟವನ್ನು ತಿರುಗಿಸಿದ. 'ಮೂರು ದಿನಾತು...' ಅಂದು ನಿಲ್ಲಿಸಿದ.

'ಮೂರು ದಿನಾತು ಸೊಂಟ ನೋಯವಲ್ದು. ಹೌದಿಲ್ಲೋ?'

ಅವನು ನನ್ನ ಮುಖ ನೋಡಿದ. ಅಷ್ಟು ದೊಡ್ಡ ಆಳು ಸಿಕ್ಕಿಬಿದ್ದವನ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. 'ನಿದ್ದಿ ಹತ್ತವಲ್ದು' ಅಂದ. 'ನೋವು ಇದ್ರ ಅವ ಎಲ್ಲ್ಯೋ ಅಡ್ಡಾಡಾಕತ್ತಾನ ಅಂತ ತಿಳೀತಿತ್ತು. ಈಗ ಏನೂ ಇಲ್ಲ. ಬದುಕ್ಯಾನೋ ಇಲ್ಲೋ.'

ನಾನು ಕೈ ಒರೆಸಿಕೊಂಡು ಅವನ ಎದುರು ಕೂತು ಇದ್ದದ್ದನ್ನು ಹೇಳಿದೆ. ಭರಮಾ ಹಾಸಿಗೆ ಹಿಡಿದಿದ್ದ. ಕಾಲು ಊರಲು ಆಗುತ್ತಿರಲಿಲ್ಲ. ವೈದ್ಯರು ಬಂದು ನೋಡಿದ್ದರು. ಕೀಲಿನಲ್ಲಿ ಏನೋ ಜರುಗಿ ಸಿಕ್ಕಿಕೊಂಡಿದೆ, ಎಲ್ಲಿ ಎಂದು ತಿಳಿಯುತ್ತಿಲ್ಲ, ರೋಗಿ ನೋಡಿದರೆ ನೋವೇ ಇಲ್ಲ ಅನ್ನುತ್ತಾನೆ. ಜಾಗ ತಿಳಿಯದೆ ಎಳೆದರೆ ಇದ್ದದ್ದೂ ಹರಿಯುತ್ತದೆ, ಹಾಗೇ ಬಿಟ್ಟರೆ ದೀಪಾವಳಿಯ ಒಳಗೆ ಕಾಲು ಕಟ್ಟಿಗೆಯಾಗುತ್ತದೆ ಅಂದಿದ್ದರು. 'ಎಲ್ಲಿ ನೋಯ್ತದ ಅಂತ ಹೇಳವರು ಯಾರರ ಇದ್ರ ಕರಕೊಂಡ ಬರ್ರಿ ಅಂದಾರ' ಅಂದೆ.

ಅವನು ಮುರಿದ ರೊಟ್ಟಿಯನ್ನು ತಾಟಿನ ಅಂಚಿಗೆ ಸರಿಸಿದ. ಆಮೇಲೆ, 'ಹೇಳಿದ್ರ ಊರಾಗ ನನ್ನ ಕೈಯಾಗ ಯಾರರ ಎಲುಬು ಕೊಡ್ತಾರೇನ ಅಕ್ಕಾ? ಒಪ್ಪಿಸದವನ ಕೈ ಅಂತಾರ' ಅಂದ.

'ಕೊಡಲಿಕ್ಕಿಲ್ಲ' ಅಂದೆ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. 'ನಾಕು ದಿನ ನಿನ್ನ ಕಟ್ಟಿ ಖಾಲಿ ಇರಬಹುದು. ನಿನಗ ರೊಟ್ಟಿ ನಾ ಹಾಕ್ತೇನಿ. ಅವಗ ಕಾಲು ಯಾರು ಹಾಕ್ತಾರ?'

ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ ಹೊರಟದ್ದನ್ನು ನೋಡಿದೆ. ಬುತ್ತಿಯ ನೆಪ ಮಾಡಿಕೊಂಡು ನಾನೂ ಹಿಂದೆ ಹೋದೆ. ಪೇಟೆಯ ಹಿಂದಿನ ಓಣಿಯಲ್ಲಿ ಭರಮಾನ ಒಂದು ಕೋಣೆಯ ಮನೆ. ಹೆಂಡತಿ ನೀರಿಗೆ ಹೋಗಿದ್ದಳು. ಅವನು ಗೋಡೆಗೆ ಆನಿಕೊಂಡು ಹಾಸಿಗೆಯಲ್ಲಿ ಕೂತಿದ್ದ. ಯಮನೂರಿ ಹೊಸ್ತಿಲ ಹೊರಗೆ ನಿಂತ.

'ಎಡಸೊಂಟ' ಅಂದ. 'ಕೀಲಿನ ಹಿಂದ, ನಾಕು ಬೆರಳು ಕೆಳಗ. ಹೆಜ್ಜಿ ಇಟ್ರ ಒಳಗ ತಿರುವಿದಂಗ ಆಗ್ತೈತಿ. ಏರಿದ್ರ ಹೆಚ್ಚು, ಇಳಿದ್ರ ಸ್ವಲ್ಪ ಕಡಿಮಿ. ಮಲಗಿದಾಗ ಇಲ್ಲ.'

ಭರಮಾ ಅವನನ್ನು ನೋಡಲಿಲ್ಲ. ಮೇಲಿನ ಜಂತಿ ನೋಡುತ್ತ, 'ಯಾವಾಗಿಂದ?' ಎಂದು ಕೇಳಿದ.

'ಆ ದಿನದಿಂದ.'

'ಗೊತ್ತೈತಿ' ಅಂದ ಭರಮಾ. 'ಪ್ಯಾಟ್ಯಾಗ ಬಿದ್ನೆಲ್ಲ, ಚೀರಬೇಕಂತ ಬಾಯಿ ತೆರದ್ನಿ. ಚೀರಾಕ ಒಳಗ ಏನೂ ಇರಲಿಲ್ಲ. ಆವಾಗ ತಿಳೀತು. ನೋವು ಯಾರದೋ ಮನ್ಯಾಗ ಕುಂತೈತಿ ಅಂತ.'

ಯಮನೂರಿ ಟವೆಲ್ಲನ್ನು ಹಿಂಡಿದ. ಅದರಲ್ಲಿ ಹಿಂಡುವಷ್ಟು ನೀರಿರಲಿಲ್ಲ.

'ಮೊದಲನೇ ವರ್ಷ ದಿನಾ ಮುಂಜಾನೆ ಕೋಟೆ ಗುಡ್ಡ ಹತ್ತತಿದ್ನಿ' ಅಂದ ಭರಮಾ. 'ನಿನ್ನ ಸಲುವಾಗಿ. ಹತ್ತಲೇ ಭರಮಾ, ಅವನ ಸೊಂಟ ಬೀಳ್ಲಿ ಅಂತ.'

'ಮೆಟ್ಟಲ ನೂರಾ ಹನ್ನೆರಡು' ಅಂದ ಯಮನೂರಿ. 'ನಡುವ ಒಂದು ಕಡೆ ನಿಂದರತಿದ್ದಿ.'

'ಅಲ್ಲಿ ಬೇವಿನ ಗಿಡ ಐತಿ.' ಭರಮಾನ ಮುಖದ ಮೇಲೆ ನಗು ಬಂದ ಹಾಗಾಯಿತು, ಅವನು ಅದನ್ನು ತಡೆದ. 'ಆಮ್ಯಾಲೆ ಒಂದಿನ ದ್ಯಾಮಕ್ಕನ ಖಾನಾವಳ್ಯಾಗ ನಿನ್ನ ಮೋತಿ ನೋಡಿದ್ನಿ. ಏನೂ ಆಗದವರಂಗ ಕುಂತಿದ್ದಿ. ಮತ್ತೊಮ್ಮೆ ಸೋತ್ನಲ್ಲಪಾ ಅನ್ನಿಸ್ತು. ಗುಡ್ಡ ಬಿಟ್ಟೆ. ಕುಂತು ಮಾಡೂ ಕೆಲಸದಾಗ ಕುಂತಲ್ಲೇ ಇರಾಕ ಹತ್ತಿದ್ನಿ. ನಿನಗ ಕಡಿಮಿ ಆಗ್ಲಿ ಅಂತಲೋ, ನನಗ ಬ್ಯಾಸರಾತು ಅಂತಲೋ, ಅದು ಗೊತ್ತಿಲ್ಲ.'

'ಒಳಗ ಬರ್ಲೇನು?'

'ತಡಾ ಮಾಡಿದಿ' ಅಂದ ಭರಮಾ. 'ಬಾ.'

ನಾನು ಬುತ್ತಿ ಬಿಚ್ಚಿ ಇಟ್ಟೆ. ಒಂದೇ ತಾಟು ಇತ್ತು. ಇಬ್ಬರೂ ಕೈ ಹಾಕಲಿಲ್ಲ. ಭರಮಾ ಹೇಳಿದ: 'ಆ ಫೋಟೋದಾಗಿನವರ ಕಾಲಕ್ಕ ನೀ ಹುಟ್ಟಬೇಕಿತ್ತು. ಆನಿ ಮ್ಯಾಲೆ ಕುಂದ್ರಿಸಿ ಕರಕೊಂಡು ಹೋಗತಿದ್ರು.'

'ನೀನು?'

'ನಾನು ಆವಾಗೂ ನಿನ್ನ ಕೈಯಾಗ ಬೀಳತಿದ್ನಿ. ಆದ್ರ ನೋವು ನನ್ನ ಕಡೆ ಇರ್ತಿತ್ತು. ಅವತ್ತ ರಾತ್ರಿನ ನರಳಿ, ಎಣ್ಣಿ ಹಚ್ಚಿಸಿಕೊಂಡು, ಮಲಗಿ ಎದ್ದು, ವರ್ಷ ತುಂಬೂದ್ರಾಗ ಮತ್ತ ನಿನ್ನ ಮುಂದ ಬಂದು ನಿಂದರತಿದ್ನಿ. ನನ್ನ ನೋವು ನನಗ ಒಂದಿನಾನೂ ಸಿಗಲಿಲ್ಲಲ್ಲೋ.'

ಯಮನೂರಿ ಎದ್ದ. ಕೀಲು ಕೂಡಿಸಲು ಭರಮಾನನ್ನು ಕಣಕ್ಕೆ ಒಯ್ಯಬೇಕೆಂದು, ಮಂಚಕ್ಕೆ ಹೆಗಲು ಕೊಡುವವರನ್ನು ಕರೆಯಲು ಗರಡಿಗೆ ಹೋದ. ಅಲ್ಲಿ ಬಾಗಿಲಲ್ಲೇ ನಿಂತು, ಇದ್ದವರಿಗೆಲ್ಲ ಕೇಳುವ ಹಾಗೆ, ತಾನು ಒಪ್ಪಿಸದೆ ಬಂದದ್ದನ್ನು ಹೇಳಿದನಂತೆ. ನಾನು ಹೋಗುವ ಹೊತ್ತಿಗೆ ಕಟ್ಟೆಯ ಮೇಲೆ ಕೈ ಕಟ್ಟಿಸಿಕೊಳ್ಳಲು ಕೂತಿದ್ದ ಇಬ್ಬರು ಎದ್ದು ಹೋಗಿದ್ದರು.

ಗರಡಿಯ ಕಣದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡಿರುತ್ತಾರೆ. ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ. ಭರಮಾನನ್ನು ತಂದು ಅದರ ಮೇಲೆ ಮಲಗಿಸಿದರು. ಒಂಬತ್ತು ವರ್ಷದ ಮೇಲೆ ಅವನ ಬೆನ್ನು ಮತ್ತೆ ಅದೇ ಮಣ್ಣಿಗೆ ತಾಗಿತ್ತು. ಊರಿನ ಅರ್ಧ ಜನ ಗೋಡೆಯ ಸುತ್ತ ನಿಂತಿದ್ದರು. ಗರಡಿಯಲ್ಲಿ ಅಷ್ಟು ಜನರನ್ನು ನಾನು ನೋಡಿರಲೇ ಇಲ್ಲ. ವಸ್ತಾದರಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜು. ಗರಡಿಯ ಇಬ್ಬರು ಹುಡುಗರ ಕೈ ಹಿಡಿದುಕೊಂಡು ಬಂದು ಕಣದ ಅಂಚಿನಲ್ಲಿ ಕೂತರು.

'ಯಮನೂರಿ' ಅಂದರು. 'ಕಣದಾಗ ಬಾಯಿ ಮುಚ್ಚು ಅಂತ ನಾ ಹೇಳಿದ್ದೆ. ಬಾಗಲಾಗ ಬಾಯಿ ಮುಚ್ಚು ಅಂತ ಯಾರು ಹೇಳಿದ್ರು?'

'ಯಾರೂ ಇಲ್ಲ, ವಸ್ತಾದ.'

'ಗದಿ ಹೇಳಿತ್ತು, ಅಲ್ಲ?' ಅವರು ಗೋಡೆಯ ಕಡೆಗೆ ಮುಖ ತಿರುಗಿಸಿದರು, ಅವರಿಗೆ ಅದು ಕಾಣುವುದಿಲ್ಲ. 'ಆ ಕುಸ್ತಿ ನಾನೂ ಬಯಸಿದ್ದೆ ಬಿಡು. ನಿನ್ನ ಮೋತಿ ಸರಿ ಇಲ್ಲ ಅಂತ ಅವತ್ತ ನನಗ ಗೊತ್ತಾಗಿತ್ತು, ಕೇಳಲಿಲ್ಲ. ಇವತ್ತ ಬಾಯಿ ಬಿಟ್ಟು ಮಾಡು. ಉಸಿರು ಬಿಗಿ ಹಿಡದ್ರ ಕೈ ಜಾಗ ತಪ್ಪತೈತಿ.'

ಯಮನೂರಿ ಮಣ್ಣಿನಲ್ಲಿ ಮೊಣಕಾಲೂರಿ ಕೂತ. ಒಂದು ಕೈಯನ್ನು ಕೀಲಿನ ಹಿಂದೆ ಹಾಕಿ, ಇನ್ನೊಂದರಿಂದ ಕಾಲನ್ನು ತನ್ನ ಎದೆಗೆ ಅಪ್ಪಿಕೊಂಡ. ದೂರದಿಂದ ನೋಡಿದವರಿಗೆ ಅದು ಪಟ್ಟು ಹಾಕಿದ ಹಾಗೆಯೇ ಕಾಣುತ್ತಿತ್ತು. ಮೊದಲ ಸಲ ಎಳೆದಾಗ ಅವನ ಹಣೆಯಲ್ಲಿ ನೀರೊಡೆಯಿತು. ಎರಡನೆಯ ಸಲ ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದವು. ಹಳೆಯ ನೋವೂ ಅವನದೇ, ಹೊಸ ನೋವೂ ಅವನದೇ. ಮೂರನೆಯ ಸಲ ಕಾಲನ್ನು ಒಳಕ್ಕೆ ತಿರುವಿ ಒಮ್ಮೆಲೇ ಎತ್ತಿದ. ಒಳಗೆ ಏನೋ ಲಟಕ್ಕೆಂದದ್ದು ಗೋಡೆಯ ಹತ್ತಿರ ನಿಂತವರಿಗೂ ಕೇಳಿತು. ಅದರ ಜೊತೆಗೇ ಯಮನೂರಿಯ ಬಾಯಿಂದ ಒಂದು ಕೂಗು ಬಂತು. ಅದು ಮನುಷ್ಯರ ಕೂಗಿನ ಹಾಗೆ ಇರಲಿಲ್ಲ. ಹೊರಗೆ ಕಟ್ಟಿದ್ದ ಎತ್ತುಗಳು ಎದ್ದು ನಿಂತವು. ಒಂಬತ್ತು ವರ್ಷದ್ದು ಒಟ್ಟಿಗೆ ಬಂದಿರಬೇಕು.

ಅವನ ಕೆಳಗೆ ಚಿತ್ತಾಗಿ ಮಲಗಿದ್ದ ಭರಮಾ ಆ ಮುಖವನ್ನೇ ನೋಡುತ್ತಿದ್ದ. ತನ್ನ ನೋವನ್ನು ಅವನು ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಕೈ ಎತ್ತಿ ಯಮನೂರಿಯ ಮುದುಡಿದ ಕಿವಿಯನ್ನು ಹಿಡಿದುಕೊಂಡು ಮೆಲ್ಲಗೆ ಕೇಳಿದ:

'ಇಷ್ಟು ಐತೇನೋ?'

'ಐತಿ' ಅಂದ ಯಮನೂರಿ.

ಒಂದೂವರೆ ತಿಂಗಳು ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಅಷ್ಟು ದಿನ ಯಮನೂರಿಯ ಕಟ್ಟೆಗೆ ಯಾರೂ ಬರಲಿಲ್ಲ. ಅವನು ಗರಡಿಯ ಮಣ್ಣು ಅಗೆದು ಹದ ಮಾಡಿದ, ನಾನು ಹಾಕಿದ ರೊಟ್ಟಿ ತಿಂದ. ಹದಿನಾಲ್ಕರ ಜಾಗದಲ್ಲಿ ಆರು. ಆಮೇಲೆ ಹುಣಸೆ ಮರದಿಂದ ಬಿದ್ದ ಒಬ್ಬ ಹೆಂಗಸು ಮುರಿದ ಕೈ ಹಿಡಿದುಕೊಂಡು ಬಂದಳು. 'ಅವತ್ತ ನೀ ಕೂಗಿದ್ದ ಕೇಳೇನಿ. ನೀನ ಕಟ್ಟು' ಎಂದು ಕಟ್ಟೆಯ ಮೇಲೆ ಕೂತಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರೇ ಬಂದರು. ಗದೆಯನ್ನು ಯಮನೂರಿಗೆ ಕೊಡೋಣ ಎಂದು ಯಾರೋ ಮಾತು ತೆಗೆದಿದ್ದರು. ಅವನು ಬೇಡ ಅಂದ. ಅದು ಇನ್ನೂ ಆ ಮೊಳೆಯಲ್ಲೇ ಇದೆ, ಗುಬ್ಬಿಗಳು ಅದರ ಮೇಲೆ ಕೂಡುತ್ತವೆ.

ದಬ್ಬೆ ಬಿಚ್ಚಿದ ಮೂರನೆಯ ದಿನ, ಊಟದ ಹೊತ್ತಿಗೆ, ಯಮನೂರಿ ಒಳಗಿನ ಬೆಂಚಿನಲ್ಲಿ ಕೂತಿದ್ದ. ಅಂದು ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಭರಮಾ ಕೋಲೂರಿಕೊಂಡು ರಸ್ತೆ ದಾಟಿ ಬರುವುದು ಕಾಣಿಸಿತು. ಯಮನೂರಿ ಹಾಲಿನ ಲೋಟ ಎತ್ತಿದ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಭರಮಾ ಮೊದಲನೆಯ ಮೆಟ್ಟಿಲಿಗೆ ಕಾಲಿಟ್ಟ. ಲೋಟ ಏರುತ್ತಲೇ ಇತ್ತು. ಎರಡನೆಯದಕ್ಕೆ ಇಟ್ಟ. ಯಮನೂರಿ ಒಂದು ಗುಟುಕು ಕುಡಿದ. ಮೂರನೆಯದಕ್ಕೆ ಇಟ್ಟ. ಲೋಟ ಅಲ್ಲೇ ನಿಂತಿತು.

'ಮೂರನೇದ್ರಾಗ ಇನ್ನೂ ಸ್ವಲ್ಪ ಐತಿ' ಅಂದ ಯಮನೂರಿ. 'ಹಿಂದಿನ ಕಡೆ. ಎರಡು ಬೆರಳಿನಷ್ಟು.'

'ಹೌದೇನು' ಎಂದು ಭರಮಾ ಕೋಲನ್ನು ಗೋಡೆಗೆ ಆನಿಸಿಟ್ಟು ಅವನ ಪಕ್ಕದಲ್ಲಿ ಕೂತ. 'ದ್ಯಾಮಕ್ಕಾ, ತಾಟು ಒಂದ ಸಾಕು. ಇವಗ ಹಾಲು ಇನ್ನೊಂದು ಲೋಟ ಕೊಡು, ನನ್ನ ಸೊಂಟ ನೋಯಾಕತ್ತೈತಂತ.'